ಮೀನುನಾತದ ಮಿಕ್ಸರ್

ಭಾನುವಾರ ಬೆಳಿಗ್ಗೆ ಇಸ್ಕ್ರಾ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಬೇಲಿಯಾಚೆಯಿಂದ ಕೊಳೆತ ಮೀನಿನ ನಾತ ಬಂದು ಮೂಗಿಗೆ ಅಡರಿತು. ಪಕ್ಕದ ಮನೆಯ ಗೆಂಚೊ ತುಕ್ಕು ಹಿಡಿದ ಪೀಪಾಯಿಯೊಂದನ್ನು ಉರುಳಿಸಿಕೊಂಡು ಬರುತ್ತಿದ್ದ. ಮೀನಿನ ಕಾರ್ಖಾನೆಯವರು ಕರುಳು, ತಲೆ ತುಂಬಿ ಎಸೆಯುತ್ತಿದ್ದ ಪೀಪಾಯಿ ಅದು. ಅವಳನ್ನು ಕಂಡವನೇ ನಕ್ಕ. ಅವಳು ಏಪ್ರನ್ನಿನ ಅಂಚನ್ನು ಮೂಗಿಗೆ ಒತ್ತಿಕೊಂಡು ಮುಖ ತಿರುಗಿಸಿದಳು.

ಅವಳದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ವಾರವಿಡೀ ಊರವರ ರಕ್ತ, ಕೀವು, ವಾಂತಿ ಒಗೆದು ಬಂದವಳಿಗೆ ಮನೆಯಲ್ಲಿ ಒಂದು ಕಲೆ ಕಂಡರೂ ಮೈ ಉರಿಯುತ್ತಿತ್ತು.

ಗೆಂಚೊನ ಅಂಗಳವಂತೂ ದಿನೇ ದಿನೇ ಹೊಲಸಾಯಿತು. ಲಾರಿಗಳನ್ನು ಡ್ಯಾನ್ಯೂಬ್ ನದಿ ದಾಟಿಸುವ ದೋಣಿಯಲ್ಲಿ ಅವನಿಗೆ ಕೆಲಸ. ಅಲ್ಲಿಂದ ಬರುವಾಗೆಲ್ಲ ಏನಾದರೂ ಎಳೆದು ತರುತ್ತಿದ್ದ. ಯಾರೋ ಎಸೆದ ವಾಷಿಂಗ್ ಮಷೀನಿನ ಮೋಟರು, ಮುರುಕು ಸೈಕಲ್ಲು, ಹಳೇ ಕಾರಿನ ಅಚ್ಚು. ಗ್ರೀಸು ಮೆತ್ತಿದ ಕೈಯಲ್ಲೇ ಬ್ರೆಡ್ಡು ಮುರಿದು ತಿನ್ನುವುದನ್ನು ಇಸ್ಕ್ರಾ ಕಿಟಕಿಯಿಂದ ನೋಡುತ್ತಿದ್ದಳು. ಪರದೆ ಎಳೆಯಬೇಕೆನ್ನಿಸುತ್ತಿತ್ತು. ಆದರೂ ನೋಡುತ್ತಿದ್ದಳು.

ಒಂದು ಶನಿವಾರ, ಅವನ್ನೆಲ್ಲ ಪೀಪಾಯಿಗೆ ಜೋಡಿಸಿ ಅವನು ಕಟ್ಟಿದ ಕಾಂಕ್ರೀಟ್ ಮಿಕ್ಸರ್ ಆರ್ಭಟಿಸಿತು. ಪೀಪಾಯಿ ಗಿರ್ರನೆ ತಿರುಗಿ, ಸಿಮೆಂಟಿನ ನೀರು ಬೇಲಿ ಹಾರಿ, ಅವಳು ಒಣಹಾಕಿದ್ದ ಬಿಳಿ ದುಪ್ಪಟಿಯ ಮೇಲೆ ಬಿತ್ತು. ಬೂದು ಹನಿಗಳಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು. ಇಸ್ಕ್ರಾ ದುಪ್ಪಟಿಯನ್ನು ಎರಡೇ ಬೆರಳಲ್ಲಿ ಹಿಡಿದು ಅವನ ಗೇಟು ದಾಟಿದಳು.

"ಇದು ನಾನು ಹೊದ್ದು ಮಲಗೋದು, ಗೆಂಚೊ."

"ಒಗೆದು ಕೊಡ್ತೀನಿ."

"ಆ ಕೈಯಲ್ಲಾ?"

ಅವನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಇಷ್ಟು ಗಲೀಜು ಯಾವ ಪುರುಷಾರ್ಥಕ್ಕೆ ಎಂದು ಅವಳು ಕೇಳಿದಳು.

"ಈಸ್ಟರ್ ಹಬ್ಬಕ್ಕೆ ಕೆಂಪು ಬಣ್ಣದ ಮೊಟ್ಟೆ ಕೊಡೋಕೆ ಬಂದ್ರಲ್ಲ," ಎಂದ. "ಹೊಸ್ತಿಲಲ್ಲೇ ನಿಂತು ನೆಲ ನೋಡಿದ್ರಿ. ಒಳಗೆ ಕಾಲಿಡಲಿಲ್ಲ. ನೆಲಕ್ಕೆ ಕಾಂಕ್ರೀಟ್ ಹಾಕಿದ್ರೆ ಒಂದು ಕಾಫಿಗಾದ್ರೂ ಬರ್ತೀರೇನೋ ಅಂತ."

ಅವಳಿಗೆ ನೆನಪಾಯಿತು. ಮಣ್ಣಿನ ನೆಲ, ಇಲಿಹಿಕ್ಕೆ, ಬೆಕ್ಕು ಉಚ್ಚೆ ಹೊಯ್ದು ಹಸಿಯಾದ ಮೂಲೆ. ಮೊಟ್ಟೆಯ ತಟ್ಟೆ ಕೊಟ್ಟು ಮನೆಗೆ ಓಡಿಹೋಗಿ ಬೂಟಿನ ಅಟ್ಟೆ ತೊಳೆದಿದ್ದಳು. ಬೇಲಿಯಾಚೆಯಿಂದ ಅದನ್ನೂ ನೋಡಿದ್ದನೇನೋ. ಕಿವಿ ಬಿಸಿಯಾಯಿತು. ಅವನ ಮುಖ ನೋಡಲಾರದೆ ಪೀಪಾಯಿಯೊಳಗೆ ಬಗ್ಗಿದಳು. ಮರಳು, ಸಿಮೆಂಟು ಕಲೆಯದೆ ಅದರ ಒಳಮೈಗೆ ಅಂಟಿಕೊಂಡಿದ್ದವು.

"ಇದು ಬಟ್ಟೆ ಹಿಂಡೋ ವೇಗ," ಎಂದಳು. "ಒಗೆಯೋ ವೇಗ ಬೇಕು. ನಿಧಾನಕ್ಕೆ ತಿರುಗಿದ್ರೆ ಮೇಲೆ ಹೋಗಿದ್ದು ಕೆಳಗೆ ಬೀಳುತ್ತೆ, ಕಲೆಯುತ್ತೆ. ಆ ಸೈಕಲ್ ಚಕ್ರಾನ ಪೀಪಾಯಿ ಅಚ್ಚಿಗೆ ಕೂರಿಸಿ ಮೋಟರಿಂದ ಅದಕ್ಕೆ ಬೆಲ್ಟ್ ಹಾಕು. ಮೊದಲು ಬಿಸಿನೀರು, ವಾಷಿಂಗ್ ಸೋಡಾ ತಾ. ಈ ನಾತದ ಮೇಲೆ ನಾನು ಕಾಫಿ ಕುಡಿಯಲ್ಲ."

ಕೊನೆಯ ಮಾತು ಕೇಳಿ ಅವನು ಬಕೆಟ್ಟು ಎಡವಿದ.

ಅವಳೇ ಪೀಪಾಯಿಯೊಳಗೆ ತಲೆ ತೂರಿಸಿ ತಿಕ್ಕಿದಳು. ಲೋಳೆ ಮೊಣಕೈವರೆಗೆ ಹತ್ತಿತು. ವಾಕರಿಕೆ ಬಂದು ತಲೆ ಹೊರತೆಗೆದಾಗ ಗೆಂಚೊ ಅವಳ ಹಣೆಯ ಕೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ಸರಿಸಿದ. ಅವನ ಮೈಯಲ್ಲಿ ಶುದ್ಧವಾಗಿದ್ದ ಜಾಗ ಅದೊಂದೇ.

ಮರುವಾರ ಪೀಪಾಯಿ ಥಪ್ ಥಪ್ ಎಂದು ನಿಧಾನಕ್ಕೆ ತಿರುಗಿತು. ಸಂಜೆಗೆ ಅವನ ಮನೆಯ ನೆಲವೆಲ್ಲ ಮಟ್ಟವಾಗಿ ಹಸಿಹಸಿಯಾಗಿ ಹೊಳೆಯುತ್ತಿತ್ತು. ಇಬ್ಬರೂ ಹೊರಗೆ ನಿಂತು ಇಣುಕಿದರು. ಒಣಗುವ ತನಕ ಎಲ್ಲಿ ಮಲಗುತ್ತೀಯ ಎಂದು ಅವಳು ಕೇಳಿದಳು. ಅದನ್ನು ಅವನು ಯೋಚಿಸಿರಲೇ ಇಲ್ಲ. ಶೆಡ್ಡಿನಲ್ಲಿ, ಬೆಕ್ಕಿನ ಜೊತೆ ಎಂದ.

ಇಸ್ಕ್ರಾ ಮುಖ ಹಿಂಡಿದಳು.

"ಮೀನು ಅಸಹ್ಯ. ನಿನ್ನ ಬೆಕ್ಕು ಅಸಹ್ಯ. ಆ ಗಡ್ಡ ಇದೆಯಲ್ಲ, ಅದಂತೂ ನೋಡೋಕಾಗಲ್ಲ." ಅವನತ್ತ ತಿರುಗಿದಳು. "ನೀನು ಮಾತ್ರ ಅಸಹ್ಯ ಅನ್ನಿಸ್ತಿಲ್ಲ. ಎಷ್ಟು ಪ್ರಯತ್ನಪಟ್ಟರೂ ಆಗ್ತಿಲ್ಲ. ನಮ್ಮನೇಗೆ ಬಾ."

"ಈಗಲೇನಾ?"

"ಸ್ನಾನ ಮಾಡ್ಕೊಂಡು."

ಅವಳ ಹಿತ್ತಲಲ್ಲಿ ಅವನು ಬಿಸಿನೀರು ಸುರಿದುಕೊಂಡ, ಗಡ್ಡ ಬೋಳಿಸಿದ, ಸೋಪು ಮುಗಿಯುವವರೆಗೆ ಉಜ್ಜಿಕೊಂಡ. ಬಾಗಿಲಲ್ಲಿ ಬಂದು ನಿಂತವನ ಕತ್ತಿನ ಬಳಿ ಇಸ್ಕ್ರಾ ಮೂಗು ತಂದಳು. ಮೀನಿನ ವಾಸನೆ ಇನ್ನೂ ಇತ್ತು.

ಮೂಗು ಸಿಂಡರಿಸಿದಳು. ಹಿಂದೆ ಸರಿಯಲಿಲ್ಲ.