ಕೆಮ್ಮದ ನಲ್ಲಿ

"ಆ ನೀರು ಯಾತಕ್ಕೆ?"

"ಕುಡಿಯೋಕೆ," ಎಂದೆ, ತಿರುಗಿಯೂ ನೋಡದೆ. ಪೈಪು ಹಿಡಿದು ನಿಂತವಳ ಗತ್ತೇ ಬೇರೆ. ಅರ್ಧ ಗಂಟೆಯಿಂದ ನನ್ನ ಸ್ವಂತ ಗಾಲಿಮನೆಗೆ, ಅಂದರೆ ಟ್ರೈಲರಿಗೆ, ನನ್ನ ಸ್ವಂತ ಕೈಯಾರೆ ನೀರು ತುಂಬಿಸುತ್ತಿದ್ದೆ.

"ಕುಡಿದ್ರಾ?"

"ಇನ್ನೂ ಇಲ್ಲ. ನಿಮಗೂ ಒಂದು ಲೋಟ ಬೇಕಾ?"

"ಬೇಡ," ಎಂದಿತು ಹಿಂದಿನ ದನಿ, ಬಹಳ ವಿನಯದಿಂದ. "ನೀವು ಪೈಪು ಸಿಕ್ಕಿಸಿರೋದು ಕಕ್ಕಸಿನ ಟ್ಯಾಂಕ್ ತೊಳೆಯೋ ತೂತಿಗೆ."

ನಾನು ಉತ್ತರ ಹುಡುಕುವಷ್ಟರಲ್ಲಿ ಟ್ರೈಲರೇ ಉತ್ತರ ಕೊಟ್ಟಿತು. ಒಳಗಿನಿಂದ ಗುಳುಗುಳು ಎಂದು ಒಂದು ಸದ್ದು ಎದ್ದು, ಬಾಗಿಲ ಮೆಟ್ಟಿಲಿನಿಂದ ನೀರು ಮೆಲ್ಲಗೆ ಇಳಿದು ಬಂದು ನನ್ನ ಹೊಸ ಚಪ್ಪಲಿಯನ್ನು ಮಾತಾಡಿಸಿತು.

ಅವನು ಓಡಿಹೋಗಿ ನೀರು ನಿಲ್ಲಿಸಿದ. ನಾನು ಆಗ ತಿರುಗಿ ನೋಡಿದೆ. ಕಿವಿಯ ಮೇಲೆ ಸ್ಕ್ರೂಡ್ರೈವರ್, ಮೊಣಕೈವರೆಗೆ ಗ್ರೀಸು. ಕಣ್ಣಿನ ಕೆಲಸದವಳು ನಾನು. ಯಾರನ್ನೇ ಆಗಲಿ ಮೊದಲು ಕಣ್ಣಿನಿಂದ ಓದುತ್ತೇನೆ. ಇವನು ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಕೊಂಚ ಮೊದಲೇ ಮುಚ್ಚುತ್ತಿತ್ತು. ಸದ್ಯಕ್ಕೆ ನಗದಿರಲು ಹಲ್ಲು ಕಚ್ಚಿದ್ದ. ಆದರೂ ಆ ಎಡಗಣ್ಣು ಗುಟ್ಟು ಬಿಟ್ಟುಕೊಟ್ಟಿತು.

"ನಕ್ಕುಬಿಡಿ," ಎಂದೆ. "ತಡೆದಿಟ್ರೆ ಎಲ್ಲಾದ್ರೂ ಲೀಕ್ ಆಗುತ್ತೆ."

ಅವನು ನಕ್ಕ. ನಾನು ಒರೆಸುವ ಬಟ್ಟೆ ತಂದೆ. ನಾಲ್ಕು ಕಣ್ಣು ಸೇರಿದವು. ನನ್ನ ಕನ್ನಡಕವನ್ನೂ ಲೆಕ್ಕ ಹಿಡಿದರೆ ಆರು.

ಆ ಟ್ರೈಲರ್ ಅಂಗಳ ಅವನದು. ಊರಾಚೆ, ಸಾಲಾಗಿ ನಿಂತ ಗಾಲಿಮನೆಗಳ ರಿಪೇರಿ ಅವನ ಕಸುಬು. ಹೊಸದಾಗಿ ಕೊಂಡ ನನ್ನ ಟ್ರೈಲರನ್ನೂ ಕಲಿಯಲೆಂದು ಅಲ್ಲೇ ನಿಲ್ಲಿಸಿದ್ದೆ. ಕೆಲಸ ಮಾಡುವುದಕ್ಕಿಂತ ಪಾಠ ಹೇಳುವುದೇ ಹೆಚ್ಚಾದ್ದರಿಂದ ನಾನು ಅವನಿಗೆ ವಾಲ್ವ್ ಮೇಷ್ಟ್ರು ಎಂದು ಹೆಸರಿಟ್ಟೆ. ಅವನು ನನ್ನನ್ನು ಕನ್ನಡಕದೋರು ಎಂದು ಕರೆದ.

ಕನ್ನಡಕದವಳೇ ನಿಜ. ಹನ್ನೊಂದು ವರ್ಷ ಅಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿದ್ದೇನೆ. ಕಣ್ಣು ಪರೀಕ್ಷೆ ಓದಿ ಪಾಸಾದ ಮೇಲೂ ಮುಂದಿನ ಕುರ್ಚಿ ಅಣ್ಣನದು, ಹಿಂದಿನ ಕೋಣೆ ನನ್ನದು. ಆಗ ಆರೋಗ್ಯ ಇಲಾಖೆಯ ಜಾಹೀರಾತು ಬಂತು: ಕಣ್ಣು ನೋಡುವವರೇ ಇಲ್ಲದ ಐದು ಊರುಗಳಿಗೆ ಗಾಲಿ ಚಿಕಿತ್ಸಾಲಯ ಬೇಕು. ಒಂದೇ ಷರತ್ತು, ಗಾಡಿಯ ನೀರು ಮತ್ತು ಕರೆಂಟನ್ನು ಮಾಲೀಕರೇ ನಡೆಸಿ ತೋರಿಸಬೇಕು. ದಾರಿ ಮಧ್ಯೆ ರಿಪೇರಿಯವರನ್ನು ಎಲ್ಲಿ ಹುಡುಕುವುದು? ಪರೀಕ್ಷೆಗೆ ಮೂರು ವಾರ. ಫೇಲಾದರೆ ಮತ್ತೆ ಒಂದು ವರ್ಷ ಅರ್ಜಿ ಹಾಕುವಂತಿಲ್ಲ.

"ನೀನಾ?" ಎಂದಿದ್ದ ಅಣ್ಣ. "ಬಲ್ಬು ಬದಲಾಯಿಸೋಕೆ ನನ್ನ ಕರೀತೀಯ. ಹೋಗಲಿ, ನಿನ್ನ ಹಿಂದಿನ ಕೋಣೆ ಖಾಲಿ ಇಟ್ಟಿರ್ತೀನಿ."

ಖಾಲಿ ಇಟ್ಟಿರ್ತೀನಿ. ಆ ಒಂದು ಮಾತಿಗೇ ನಾನು ಗೆಲ್ಲಬೇಕಿತ್ತು.

*

"ಮೂರು ಟ್ಯಾಂಕು," ಎಂದ ಮೇಷ್ಟ್ರು ಮೊದಲ ದಿನ. "ಒಳ್ಳೆ ನೀರಿಂದು ಒಂದು. ಸಿಂಕು, ಸ್ನಾನದ ನೀರು ಹೋಗೋ ಬೂದು ಟ್ಯಾಂಕು ಒಂದು. ಕಕ್ಕಸಿನ ಕಪ್ಪು ಟ್ಯಾಂಕು ಇನ್ನೊಂದು. ಅದರ ಪರಿಚಯ ನಿಮಗೆ ಆಗಲೇ ಆಗಿದೆ."

"ಆತ್ಮೀಯವಾಗಿ."

"ಖಾಲಿ ಮಾಡುವಾಗ ಮೊದಲು ಯಾವುದು?"

"ಕಪ್ಪು. ಆಮೇಲೆ ಬೂದು. ಸೋಪಿನ ನೀರು ಹಿಂದೆ ಬಂದು ಪೈಪು ತೊಳೆದು ಹೋಗುತ್ತೆ. ಜಗಳದಲ್ಲೂ ಅದೇ ಕ್ರಮ. ಮೊದಲು ಬೈಗುಳ, ಆಮೇಲೆ ಕಣ್ಣೀರು."

ಅವನು ನನ್ನನ್ನೇ ನೋಡಿದ, ಎಡಗಣ್ಣು ಕಿರಿದು ಮಾಡಿ.

ಕರೆಂಟಿನ ಪಾಠ ಇನ್ನೂ ಸೊಗಸು. "ಇಲ್ಲಿ ಕರೆಂಟು ಎರಡು ಥರ," ಎಂದ. "ಬ್ಯಾಟರಿ ಮನೆ ಸೊಸೆ ಇದ್ದ ಹಾಗೆ. ದೀಪ, ಪಂಪು, ಫ್ಯಾನು ಎಲ್ಲ ದಿನನಿತ್ಯದ ಚಾಕರಿ ಅವಳದು. ಹೊರಗಿಂದ ಪ್ಲಗ್ಗಿಗೆ ಬರೋ ಕರೆಂಟು ಅಳಿಯ. ಅವನು ಬಂದಾಗ ಮಾತ್ರ ಏಸಿ, ಮೈಕ್ರೊವೇವು, ಬಿಸಿನೀರು."

"ಈ ಗುಂಯ್ ಅನ್ನೋ ಡಬ್ಬ?"

"ಕನ್ವರ್ಟರ್. ಅತ್ತೆ. ಅಳಿಯನ ಹತ್ರ ಈಸ್ಕೊಂಡು ಸೊಸೆಗೆ ಶಕ್ತಿ ತುಂಬ್ತಾಳೆ."

"ಅಳಿಯನಿಂದ ಕಿತ್ತು ಸೊಸೆಗೆ ಕೊಡೋ ಅತ್ತೆನಾ? ಮೇಷ್ಟ್ರೇ, ಈ ಮೆಷಿನ್ನು ಎಲ್ಲಿ ಸಿಗುತ್ತೆ? ಮನೆಗೊಂದು ಬೇಕು."

ಅವನ ಕೈ ನನ್ನ ಮಣಿಕಟ್ಟಿನ ಮೇಲೆ, ಮುಟ್ಟದೆ, ಒಂದು ಬೆರಳಿನಷ್ಟು ದೂರದಲ್ಲಿ ತೇಲುತ್ತ ಮೀಟರಿನ ಕೆಂಪು ಕಡ್ಡಿ ಎಲ್ಲಿಡಬೇಕು, ಕಪ್ಪು ಕಡ್ಡಿ ಎಲ್ಲಿಡಬೇಕು ಎಂದು ತೋರಿಸಿತು. ಹನ್ನೆರಡೂವರೆ ವೋಲ್ಟು ತೋರಿಸಿತು ಮೀಟರು. ಅದು ಬ್ಯಾಟರಿಯದು. ನನ್ನದು ಅಳೆದಿದ್ದರೆ ಫ್ಯೂಸು ಹಾರುತ್ತಿತ್ತು.

ಕಲಿಕೆಗೆ ನನ್ನದೊಂದು ಅಡ್ಡದಾರಿ ಇತ್ತು. ಕಂಡದ್ದು ಮರೆಯುತ್ತೇನೆ, ಕೇಳಿದ್ದು ಮರೆಯುವುದಿಲ್ಲ. ಚಿಕ್ಕಂದಿನಿಂದಲೂ ಅಣಕಿಸುವ ಚಟ. ಟ್ರೈಲರಿನ ಒಂದೊಂದು ಸದ್ದನ್ನೂ ಬಾಯಲ್ಲಿ ಮಾಡಿ ಗಟ್ಟಿ ಮಾಡಿಕೊಂಡೆ. ಪಂಪು ಒತ್ತಡ ತುಂಬುವಾಗ ಟಗಟಗಟಗ, ತುಂಬಿದ ಮೇಲೆ ಟಕ್. ಬ್ರೇಕರ್ ಬಿದ್ದರೆ ಚಟ್. ಖಾಲಿ ಹೀಟರಿಗೆ ನೀರು ತುಂಬುವಾಗ ಬಿಸಿನೀರಿನ ನಲ್ಲಿ ಗಾಳಿ ಉಗುಳುತ್ತ ತಾತನ ಹಾಗೆ ಖೊಕ್, ಖೊಕ್ಖೊಕ್.

ಒಂದು ಮಧ್ಯಾಹ್ನ ಇಬ್ಬರೂ ಸುಮ್ಮನೆ ಕೂತಿದ್ದಾಗ ನಾನು ಕಿವಿ ನಿಮಿರಿಸಿದೆ. "ಯಾರೂ ನಲ್ಲಿ ತೆಗೆದಿಲ್ಲ. ಪಂಪು ಯಾಕೆ ಬಿಕ್ಕಿತು?"

ಅವನಿಗೆ ಕೇಳಿಸಿರಲಿಲ್ಲ. ಸಿಂಕಿನ ಕೆಳಗೆ ಇಬ್ಬರೂ ತಲೆ ತೂರಿಸಿದೆವು. ಭುಜಕ್ಕೆ ಭುಜ, ನಡುವೆ ಒಂದು ಟಾರ್ಚು. ಒಂದು ಕೀಲಿನಲ್ಲಿ ಸಾಸಿವೆ ಗಾತ್ರದ ಹನಿ ತೂಗುತ್ತಿತ್ತು.

"ಹನ್ನೆರಡು ವರ್ಷದಲ್ಲಿ ಇಷ್ಟು ಸಣ್ಣ ಲೀಕನ್ನ ಕಿವಿಯಿಂದ ಹಿಡಿದವರನ್ನ ನೋಡಿಲ್ಲ," ಎಂದ, ಪಿಸುಮಾತಿನಲ್ಲಿ. ಪಿಸುಗುಡುವ ಅಗತ್ಯವೇನೂ ಇರಲಿಲ್ಲ. ಅಂಗಳದಲ್ಲಿ ನಾವಿಬ್ಬರೇ ಇದ್ದೆವು. ಆ ಕೀಲನ್ನು ಬಿಗಿ ಮಾಡಲು ಎರಡು ನಿಮಿಷದ ಕೆಲಸ. ಇಪ್ಪತ್ತು ನಿಮಿಷ ಹಿಡಿಯಿತು. ಇಬ್ಬರೂ ದೂರಲಿಲ್ಲ.

"ಇದೊಂದನ್ನ ಮಾತ್ರ ಹಣೆ ಮೇಲೆ ಬರ್ಕೊಳ್ಳಿ," ಎಂದಿದ್ದ ಹೀಟರಿನ ಪಾಠದಲ್ಲಿ. "ಒಳಗೆ ನೀರಿಲ್ಲದೆ ಹೀಟರ್ ಸ್ವಿಚ್ ಹಾಕಿದ್ರೆ ಕಾಯಿಲು ಸುಟ್ಟುಹೋಗುತ್ತೆ. ಹಿಂದೆ ಒಂದು ಅಡ್ಡ ವಾಲ್ವ್ ಇದೆ. ಹಿಡಿ ಅಡ್ಡ ಇದ್ರೆ ನೀರು ಹೀಟರ್ ಒಳಗೆ ಹೋಗದೆ ಪಕ್ಕದಿಂದಲೇ ನಲ್ಲಿಗೆ ಹೋಗಿಬಿಡುತ್ತೆ. ನಲ್ಲೀಲಿ ನೀರು ಬಂತು ಅಂತ ನಂಬೋ ಹಾಗಿಲ್ಲ."

ನಾನು ಅವನದೇ ದನಿಯಲ್ಲಿ, ಮೂಗು ಕೊಂಚ ಮೇಲೆತ್ತಿ, "ನಂಬೋ ಹಾಗಿಲ್ಲ ಕನ್ನಡಕದೋರೇ," ಎಂದೆ.

"ನನ್ನ ದನಿ ಅಷ್ಟು ಮೂಗಿನಲ್ಲಾ?"

"ಮೂಗು ಚೆನ್ನಾಗಿದೆ. ಅದಕ್ಕೇ ದನಿ ಅಲ್ಲೇ ಉಳ್ಕೊಂಡಿದೆ."

ಕೆಂಪಾದ. ಗ್ರೀಸಿನ ನಡುವೆಯೂ ಕಾಣುವಷ್ಟು.

*

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕಿ ಬಂದರು. ಎತ್ತರದ ಹೆಂಗಸು, ಕೈಯಲ್ಲಿ ಕ್ಲಿಪ್‌ಬೋರ್ಡು, ಮೂಗಿನ ಮೇಲೆ ಒಂದು ಕಡ್ಡಿ ಸೊಟ್ಟಗಾದ ಕನ್ನಡಕ. ಅದನ್ನು ನೆಟ್ಟಗೆ ಮಾಡಲು ನನ್ನ ಕೈ ತುರಿಸಿತು. ಅಣ್ಣನೂ ಬಂದಿದ್ದ, ಅಂಗಡಿಯ ಜೀಪಿನಲ್ಲಿ. "ಗೆದ್ರೆ ಚಪ್ಪಾಳೆ ಹೊಡೀತೀನಿ. ಸೋತ್ರೆ ಎಳ್ಕೊಂಡು ಹೋಗೋಕೆ ಹಗ್ಗ ತಂದಿದೀನಿ."

ಮೇಷ್ಟ್ರು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದ. ಹಿಂದಿನ ದಿನವಿಡೀ ಟ್ರೈಲರನ್ನು ತೊಳೆದು, ಹೀಟರಿನ ನೀರೆಲ್ಲ ತೆಗೆದು ತುಕ್ಕು ಜಾಲಿಸಿ, ಮತ್ತೆ ಜೋಡಿಸಿಟ್ಟಿದ್ದ.

ಶುರು ಮಾಡಿದೆ. ಮೊದಲು ಹೊರಗಿನ ಪ್ಲಗ್ಗಿಗೆ ಟೆಸ್ಟರು. ತಂತಿ ತಲೆಕೆಳಗಾಗಿಲ್ಲ ಎಂದು ದೀಪ ಹೇಳಿತು. ಬ್ರೇಕರ್ ಆರಿಸಿ, ಕೇಬಲ್ ಸಿಕ್ಕಿಸಿ, ಮತ್ತೆ ಬ್ರೇಕರ್ ಹಾಕಿದೆ. ಅತ್ತೆ ಗುಂಯ್ ಎಂದಳು. ಮೀಟರು ಹದಿಮೂರೂವರೆ ತೋರಿಸಿತು, ಸೊಸೆಗೆ ಊಟ ಸಿಗುತ್ತಿದೆ. ಪಂಪು ಟಗಟಗ, ಟಕ್. ಕಪ್ಪು ಮೊದಲು, ಬೂದು ಆಮೇಲೆ. ಫ್ಯೂಸು ತೆಗೆದು, ಹಾಕಿ ತೋರಿಸಿದೆ. ಪರೀಕ್ಷಕಿಯ ಪೆನ್ನು ಓಡುತ್ತಲೇ ಇತ್ತು. ಅಣ್ಣನ ಹುಬ್ಬು ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು.

"ಕೊನೇದು. ಬಿಸಿನೀರು," ಎಂದರು.

"ಹೀಟರ್ ಸರಿ ಇದೆ ಮೇಡಂ," ಎಂದ ಮೇಷ್ಟ್ರು. "ನಿನ್ನೆ ನಾನೇ ಜೋಡಿಸಿದ್ದು."

ಬಿಸಿನೀರಿನ ನಲ್ಲಿ ತಿರುಗಿಸಿದೆ. ನೀರು ಬಂತು. ತೆಳ್ಳಗೆ, ತಣ್ಣಗೆ, ಅಚ್ಚುಕಟ್ಟಾಗಿ. ಬೆರಳು ಸ್ವಿಚ್ಚಿನ ಮೇಲಿಟ್ಟೆ.

ಅಲ್ಲೇ ನಿಲ್ಲಿಸಿದೆ.

ನಿನ್ನೆ ಖಾಲಿ ಮಾಡಿದ ಹೀಟರು. ಇವತ್ತು ತುಂಬಬೇಕಾದರೆ ಪಂಪು ನಿಮಿಷಗಟ್ಟಲೆ ಓಡಬೇಕು. ತಾತ ಕೆಮ್ಮಬೇಕು. ತಾತ ಯಾಕೆ ಕೆಮ್ಮಲಿಲ್ಲ?

"ಹಾಕೇ," ಎಂದ ಅಣ್ಣ. "ಇನ್ನೇನು ಗಳಿಗೆ ನೋಡ್ತಿದೀಯ?"

ಮೇಷ್ಟ್ರ ಕಡೆ ನೋಡಿದೆ. ಧೈರ್ಯವಾಗಿ ಹಾಕಿ ಎನ್ನುವಂತೆ ತಲೆಯಾಡಿಸಿದ. ಮೂರು ವಾರ ಆ ತಲೆ ಆಡಿದ ಕಡೆಗೆಲ್ಲ ನನ್ನ ಕೈ ಹೋಗಿತ್ತು. ಈಗ ಅವನ ಮಾತು ಒಂದು ಕಡೆ, ನನ್ನ ಕಿವಿ ಇನ್ನೊಂದು ಕಡೆ.

"ಇಲ್ಲ. ಹಾಕಲ್ಲ."

ಪರೀಕ್ಷಕಿಯ ಪೆನ್ನು ನಿಂತಿತು. ನಾನು ಹೊರಗೆ ಹೋಗಿ ಹೀಟರಿನ ಮುಚ್ಚಳ ತೆರೆದು, ಒತ್ತಡ ಬಿಡುವ ಸಣ್ಣ ಹಿಡಿಯನ್ನು ಎತ್ತಿದೆ. ಒಂದು ತೊಟ್ಟೂ ನೀರಿಲ್ಲ. ಉಸ್ ಎಂದು ಬರೀ ಗಾಳಿ. ಒಳಗೆ ಬಂದು ಹಾಸಿಗೆಯ ಕೆಳಗಿನ ಹಲಗೆ ಸರಿಸಿದೆ. ವಾಲ್ವಿನ ಹಿಡಿ ಅಡ್ಡ ಮಲಗಿತ್ತು.

ಮೇಷ್ಟ್ರ ಮುಖದಲ್ಲಿದ್ದ ರಕ್ತವೆಲ್ಲ ಯಾವುದೋ ಟ್ಯಾಂಕಿಗೆ ಇಳಿದುಹೋಯಿತು.

ಹನ್ನೆರಡು ವರ್ಷದ ಕೈ. ಮರೆಯಿತೇ? ಅಥವಾ ನಾನು ಹೋಗಬಾರದೆಂದು ಮರೆತ ಹಾಗೆ ನಟಿಸಿತೇ? ಆದರೆ ಅದನ್ನು ಕೇಳುವ ಹೊತ್ತು ಅದಲ್ಲ. ಹಿಡಿ ನೆಟ್ಟಗೆ ತಿರುಗಿಸಿದೆ. ಪಂಪು ಎದ್ದಿತು. ಟಗಟಗಟಗಟಗ. ಒಂದು ನಿಮಿಷ, ಎರಡು ನಿಮಿಷ, ಮೂರು. ಕೊನೆಗೆ ನಲ್ಲಿ ಖೊಕ್ ಎಂದಿತು. ಖೊಕ್, ಖೊಕ್ಖೊಕ್, ಫುಸ್, ಖೊಕ್! ಜಗತ್ತಿನಲ್ಲಿ ಯಾವ ಕೆಮ್ಮೂ ಯಾರಿಗೂ ಇಷ್ಟು ಸಂತೋಷ ಕೊಟ್ಟಿರಲಾರದು. ಧಾರೆ ಗಟ್ಟಿಯಾಯಿತು. ಹೊರಗಿನ ಹಿಡಿ ಮತ್ತೆ ಎತ್ತಿದೆ, ಈ ಸಲ ಚಿಳ್ ಎಂದು ನೀರು.

ಆಗ ಹಾಕಿದೆ ಸ್ವಿಚ್ಚು.

"ವಾಲ್ವ್ ಹಾಗೆ ಬಿಟ್ಟಿದ್ದು ಯಾರು?" ಎಂದರು ಪರೀಕ್ಷಕಿ.

ನಾನು ಬಾಯಿ ತೆರೆಯುವ ಮುಂಚೆ ಅವನೇ ಮುಂದೆ ಬಂದ. "ನಾನು ಮೇಡಂ. ಅವರದಲ್ಲ. ನನ್ನ ಅಂಗಳದ ಹೆಸರಲ್ಲೇ ಬರ್ಕೊಳ್ಳಿ."

ಅವರು ಬರೆದುಕೊಂಡರು, ನಿಧಾನವಾಗಿ. ಇಪ್ಪತ್ತು ನಿಮಿಷ ಕಾದು, ಬಿಸಿನೀರಿನಲ್ಲಿ ತಮ್ಮ ಸೊಟ್ಟ ಕನ್ನಡಕವನ್ನೇ ತೊಳೆದುಕೊಂಡು, ಒರೆಸಿ, ಹಾಕಿಕೊಂಡು ಓದಿದರು. "ಕಲಿಸಿದವರು ತಪ್ಪಿದರು. ಕಲಿತವರು ತಪ್ಪಲಿಲ್ಲ. ಪರೀಕ್ಷೆ ಇದ್ದದ್ದು ಕಲಿತವರಿಗೆ. ಪಾಸು."

ನಾನು ಕಿರುಚಿದ್ದು ಮೂರು ಸಾಲು ಟ್ರೈಲರಿನಾಚೆಗೂ ಕೇಳಿಸಿತಂತೆ. ಅಣ್ಣ ಹಗ್ಗವನ್ನು ಜೀಪಿನ ಸೀಟಿನ ಕೆಳಗೆ ತಳ್ಳಿ, ಅತ್ತಿಗೆಗೆ ಫೋನು ಹಚ್ಚಿದ. "ಪಾಸು ಕಣೇ! ನಾನು ಮೊದಲೇ ಹೇಳಿರ್ಲಿಲ್ವಾ? ನಮ್ಮ ಮನೆ ಹುಡುಗಿ ಅಂದ್ರೆ ಸುಮ್ನೇನಾ?"

*

ಅವನು ಜಾರಿಕೊಳ್ಳಲು ನೋಡುತ್ತಿದ್ದ.

"ಒಳಗೆ ಬನ್ನಿ ಮೇಷ್ಟ್ರೇ. ಆ ಕುರ್ಚೀಲಿ ಕೂತ್ಕೊಳ್ಳಿ."

ಕಣ್ಣು ಪರೀಕ್ಷೆಯ ಕುರ್ಚಿ. ಅದರಲ್ಲಿ ಮೊದಲು ಕೂತವನು ಅವನೇ. ಕೈದೀಪ ಹಿಡಿದು ಬಗ್ಗಿದೆ. ನನ್ನ ಮೂಗಿಗೂ ಅವನ ಮೂಗಿಗೂ ನಡುವೆ ಒಂದು ಬೆರಳು ಜಾಗ.

"ಅಲ್ಲಾಡಬೇಡಿ. ನನ್ನ ಕಿವಿ ನೋಡಿ."

"ಮೂರು ವಾರದಿಂದ ಅದನ್ನೇ ನೋಡ್ತಿದೀನಿ."

"ಬೇಕು ಅಂತಲೇ ಬಿಟ್ರಾ ವಾಲ್ವನ್ನ?"

"ಇಲ್ಲ." ಕಣ್ಣು ಮಿಟುಕಿಸಲಿಲ್ಲ. "ನಿನ್ನೆ ತೊಳೆಯುವಾಗ ಅಡ್ಡ ಮಾಡಿದ್ದ ಹಿಡೀನ ನೆಟ್ಟಗೆ ಮಾಡೋಕೆ ಹಲಗೆ ತೆಗೆದು ಕೈ ಹಾಕಿದ್ದೆ. ಅಷ್ಟರಲ್ಲಿ ನೀವು ಸಿಂಕಿನ ಹತ್ರ ನಿಂತು ನನ್ನ ದನೀಲಿ ಪಾಠ ಹೇಳೋಕೆ ಶುರು ಮಾಡಿದ್ರಿ. ನೀವು ಹೊರಟ್ಮೇಲೆ ಈ ಅಂಗಳದಲ್ಲಿ ನನ್ನ ದನಿ ನನ್ನೊಬ್ಬನದೇ ಆಗಿರುತ್ತೆ ಅನ್ನಿಸ್ತು. ಹಲಗೆ ಮುಚ್ಚಿದೆ. ವಾಲ್ವ್ ಮರೆತೇ ಹೋಯ್ತು."

ನಾನು ದೀಪ ಆರಿಸಲಿಲ್ಲ.

"ಇನ್ನೊಂದು ಹೇಳಿಬಿಡ್ತೀನಿ," ಎಂದ. "ನೀವು ಫೇಲಾಗ್ಲಿ ಅಂತ ಒಂದು ಸಲ ಆಸೆ ಬಂದಿತ್ತು. ಬುಧವಾರ. ಹತ್ತು ನಿಮಿಷ. ಆಮೇಲೆ ನಾಚಿಕೆಯಾಗಿ ಹೋಗಿ ನಿಮ್ಮ ಟೈರಿಗೆ ಗಾಳಿ ಹೊಡೆದೆ. ನೀವಂದ್ರೆ ನನಗೆ ಅಷ್ಟು ಇಷ್ಟ."

"ಹತ್ತು ನಿಮಿಷಾನೇ?"

"ಹನ್ನೆರಡಿರಬಹುದು."

ಹತ್ತಿರದಿಂದ ಸಾವಿರಾರು ಕಣ್ಣು ನೋಡಿದ್ದೇನೆ. ಸುಳ್ಳಿಲ್ಲದ ಕಣ್ಣು ಇಷ್ಟು ಹೆದರಿಕೊಂಡಿದ್ದನ್ನು ನೋಡಿರಲಿಲ್ಲ.

"ಸೋಮವಾರ ಹೊರಡ್ತೀನಿ," ಎಂದೆ. "ಮೊದಲ ಸುತ್ತು ಹತ್ತು ದಿನ."

"ನಾನೂ ಬರ್ಲಾ?" ಅಂಗಳ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯನ ದನಿ ಅದು, ಇನ್ನೂ ಒತ್ತಡ ತುಂಬದ ಪಂಪಿನ ಹಾಗೆ. "ಟ್ಯಾಂಕ್ ಖಾಲಿ ಮಾಡಿಕೊಡ್ತೀನಿ."

"ನನಗೆ ಬರುತ್ತೆ."

"ಬ್ಯಾಟರಿ ನೋಡ್ಕೊಳ್ತೀನಿ."

"ಅದೂ ಬರುತ್ತೆ."

"ಫ್ಯೂಸು, ಲೀಕು..." ಎಂದವನು ಬೆರಳು ಮಡಿಚಿ ಎಣಿಸಿ ನೋಡಿಕೊಂಡ. "ನಾನೇ ಎಲ್ಲ ಕಲಿಸಿಬಿಟ್ಟೆ. ಹಾಗಾದ್ರೆ ನನ್ನಿಂದ ನಿಮಗೆ ಏನೂ ಆಗಬೇಕಾಗಿಲ್ಲ."

"ಏನೇನೂ ಇಲ್ಲ," ಎಂದೆ. "ಅದಕ್ಕೇ ಬನ್ನಿ."

ಅವನಿಗೆ ಅರ್ಥವಾಗಲು ಮೂರು ಸೆಕೆಂಡು ಹಿಡಿಯಿತು. ನಾನು ಎಣಿಸಿದೆ. ನಾಲ್ಕನೆಯದರಲ್ಲಿ ಆ ಬೆರಳಷ್ಟು ಜಾಗ ಉಳಿಯಲಿಲ್ಲ. ಕೈದೀಪ ನೆಲಕ್ಕೆ ಬಿತ್ತು. ಒಡೆಯಲಿಲ್ಲ, ನಮ್ಮ ಪುಣ್ಯ.

ಸೋಮವಾರ ಟ್ರೈಲರ್ ಎಳೆಯುವ ಗಾಡಿಯನ್ನು ನಾನೇ ಓಡಿಸಿದೆ. ಅಂಗಳದ ಗೇಟಿನಲ್ಲಿ ಅವನು, "ಇಳಿದು ಹಿಂದಿನ ದೀಪ ಒಂದ್ಸಲ ನೋಡ್ಲಾ?" ಎಂದ. ನೋಡಿದ್ದೇನೆ ಎಂದೆ. "ಕೊಂಡಿ?" ಅದನ್ನೂ ನೋಡಿದ್ದೇನೆ ಎಂದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಎರಡೂ ಕೈಗೆ ಕೆಲಸವಿರಲಿಲ್ಲ. ಒಂದನ್ನು ಮಡಿಲಲ್ಲಿ ಇಟ್ಟುಕೊಂಡ. ಇನ್ನೊಂದನ್ನು ಗೇರಿನ ಮೇಲಿದ್ದ ನನ್ನ ಕೈ ಮೇಲಿಟ್ಟ.

ನಾನು ಗೇರು ಬದಲಾಯಿಸಿದೆ. ಅವನು ಕೈ ತೆಗೆಯಲಿಲ್ಲ.