ಘಟ್ಟ ಇಳಿದು ಬಂದ ಸಿಳ್ಳೆ

"ಪ್ರಯಾಣಿಕರ ಗಮನಕ್ಕೆ! ಬೆಂಗಳೂರಿನಿಂದ ಬಂದಿರುವ ಚಿತ್ರಾ ಮೇಡಂ ಅವರು ಒಂದನೇ ಪ್ಲಾಟ್‌ಫಾರಂ ಮೇಲೆ ಆಕಳಿಸುತ್ತಾ ನಿಂತಿದ್ದಾರೆ. ಅವರ ಬಾಯೊಳಗೆ ನೊಣ ಹೋದಲ್ಲಿ ರೈಲ್ವೆ ಇಲಾಖೆ ಜವಾಬ್ದಾರಿಯಲ್ಲ."

ಅರಸೀಕೆರೆ ಸ್ಟೇಷನ್ನಿನ ಮೈಕಿನ ಹೆಂಗಸೇ ಇಳಿದು ಬಂದು ಮಾತಾಡಿದಂತಿತ್ತು. ಅದೇ ಮೂಗಿನ ದನಿ, ಅದೇ ಎಳೆತ. ಚಿತ್ರಾ ಬಾಯಿ ಮುಚ್ಚಿಕೊಂಡು ತಿರುಗಿದರೆ, ಕಂಬಕ್ಕೆ ಒರಗಿ ಇಂದ್ರೇಶ್ ನಿಂತಿದ್ದ. ಮುಖದಲ್ಲಿ ಏನೂ ಅರಿಯದ ಭಾವ, ಕಣ್ಣಲ್ಲಿ ಮಾತ್ರ ಕಳ್ಳ ಬೆಕ್ಕು.

"ಅಷ್ಟು ದೂರದಿಂದ ಬಂದಿದೀನಿ. ಒಂದು ಗುಡ್ ಮಾರ್ನಿಂಗ್ ಹೇಳಕ್ಕಾಗಲ್ವಾ?"

"ಮಾರ್ನಿಂಗ್ ಈಗ ಗುಡ್ ಆಯ್ತಲ್ಲ ಮೇಡಂ, ಇನ್ನೇನು ಹೇಳೋದು?"

ಬೈಕು ಜಾವಗಲ್ ದಾಟುವವರೆಗೂ ಅವನ ಬಾಯಿ ನಿಲ್ಲಲಿಲ್ಲ. ಬಸ್ಸಿನ ಕಂಡಕ್ಟರಾದ, ತಳ್ಳುಗಾಡಿಯ ಸೊಪ್ಪಿನವಳಾದ, ಎಲೆಕ್ಷನ್‌ಗೆ ನಿಂತ ಅಭ್ಯರ್ಥಿಯಾದ, ಠೇವಣಿಯನ್ನೂ ಕಳೆದುಕೊಂಡ. ಹಿಂದೆ ಕೂತವಳು ನಕ್ಕು ನಕ್ಕು ಅವನ ಹೆಗಲು ಹಿಡಿದುಕೊಂಡಳು. ನಗು ನಿಂತ ಮೇಲೂ ಕೈ ತೆಗೆಯಲು ಮರೆತಳು. ಬೈಕಿನ ಬಲಗನ್ನಡಿಯನ್ನು ಅವನು ರಸ್ತೆಗೆ ತಿರುಗಿಸಿರಲಿಲ್ಲ, ಅವಳಿಗೆ ತಿರುಗಿಸಿದ್ದ. ಅದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ತೆಂಗಿನ ಸಾಲು ನೋಡುತ್ತಿದ್ದಳು, ಅಷ್ಟೇ.

ಚಿತ್ರಾಳದು ಕಿವಿಯ ಕೆಲಸ. ಕಸ್ಟಮರ್ ಕೇರ್ ಹುಡುಗರು ಮಾತಾಡಿದ ಕರೆಗಳನ್ನು ಕೇಳಿ ಕೇಳಿ ಅಂಕ ಹಾಕಬೇಕು. ದನಿಯಲ್ಲಿ ನಗು ಇದೆಯೇ? ಕ್ಷಮಾಪಣೆ ಮನಸ್ಸಿನಿಂದ ಬಂದ ಹಾಗೆ ಕೇಳಿಸಿತೇ? ಹತ್ತಕ್ಕೆ ಎಷ್ಟು? ಐದು ದಿನ ಕಾಲ್ ಮೇಲೆ ಕಾಲ್, ಆರನೇ ದಿನ ಕಾಲಿಗೆ ಬೂಟು. ಊರಾಚೆ ಓಡಿಬಂದು ಮರದ ಕೆಳಗೆ ಕೂತರೆ, ಅಲ್ಲಿ ಕೂಗುವ ಯಾವ ಜೀವವೂ ಸಂಬಳಕ್ಕೆ ಸಿಹಿಯಾಗಿ ಕೂಗುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮೂರು ತಿಂಗಳ ಹಿಂದೆ ಆಫೀಸಿನವರ ಜೊತೆ ಹಳೇಬೀಡು ನೋಡಲು ಬಂದಿದ್ದಳು. ಮಾದಿಹಳ್ಳಿ ಹತ್ತಿರ ವ್ಯಾನು ಟೀಗೆ ನಿಂತಿತು. ಸೆಲ್ಫಿ ಗದ್ದಲದಿಂದ ತಪ್ಪಿಸಿಕೊಂಡು ಒಂದು ತೋಟದ ಬೇಲಿಯವರೆಗೆ ನಡೆದವಳಿಗೆ, ಮಂಜಿನೊಳಗಿಂದ ಒಂದು ಸಿಳ್ಳೆ ಕೇಳಿಸಿತು. ಏರಿ, ಜಾರಿ, ದಾರಿ ತಪ್ಪಿ, ಮತ್ತೆ ಏರುವ ಸಿಳ್ಳೆ. ಸಿಳ್ಳಾರ! ಘಟ್ಟದ ತೊರೆಗಳ ಹಕ್ಕಿ. ಯಾರೋ ಸೋಮಾರಿ ಹುಡುಗ ಸಿಳ್ಳೆ ಹಾಕಿದ ಹಾಗೆಯೇ ಹಾಡುತ್ತದೆಂದು ಹಕ್ಕಿ ನೋಡುವವರೆಲ್ಲ ಹೇಳುತ್ತಾರೆ. ಈ ಬಯಲಿಗೆ ಅದು ಬಂದದ್ದನ್ನು ಅವಳ ಹಕ್ಕಿ ನೋಡುವ ಬಳಗದಲ್ಲಿ ಯಾರೂ ಕಂಡಿರಲಿಲ್ಲ.

ಅಷ್ಟರಲ್ಲಿ ತೆಂಗಿನ ಮರಗಳ ನಡುವಿನಿಂದ ಖಾಲಿ ಬಕೆಟ್ ಹಿಡಿದ ಒಬ್ಬ ಬಂದ. ಅವಳು ತುಟಿಗೆ ಬೆರಳಿಟ್ಟು, "ಶ್! ಹಕ್ಕಿ ಹಾರಿಹೋಗುತ್ತೆ" ಎಂದು ಗದರಿದಳು. ಅವನು ಅವಳ ಮುಖವನ್ನೇ ನೋಡುತ್ತಾ ಬಕೆಟ್ಟನ್ನು ಮೆಲ್ಲಗೆ, ಬಹಳ ಮೆಲ್ಲಗೆ, ನೆಲಕ್ಕಿಟ್ಟ. ಅವನೇ ಇಂದ್ರೇಶ್.

ಆಮೇಲೆ ಹತ್ತು ಶನಿವಾರ ಬಂದಳು. ತೋಟದ ಕೋಣೆಯಲ್ಲಿ ಉಳಿದು, ಅವನ ತಾಯಿ ವಿಶಾಲಮ್ಮನ ಅಕ್ಕಿರೊಟ್ಟಿ ತಿಂದು, ಭಾನುವಾರ ಬೆಳಗ್ಗೆ ಸಿಳ್ಳೆ ಕೇಳಿ, ಸಂಜೆಯ ರೈಲು ಹಿಡಿಯುವಳು. ಹಕ್ಕಿ ಮಾತ್ರ ಕಣ್ಣಿಗೆ ಬೀಳಲಿಲ್ಲ. ಕಳೆದ ವಾರ ಮೊಬೈಲಿನಲ್ಲಿ ಅದರ ದನಿ ಹಿಡಿದು ಬಳಗದ ಗ್ರೂಪಿಗೆ ಹಾಕಿದ್ದಳು.

"ಕಣ್ಣಿಗೆ ಕಾಣದೆ ಬರೀ ಕಿವಿ ನಂಬಿ ಪಟ್ಟಿಗೆ ಸೇರಿಸ್ತೀಯೇನಮ್ಮಾ?" ಎಂದು ಬಳಗದ ಹಿರಿಯ ಭೀಮರಾಜ್ ಸರ್ ಕೇಳಿದ್ದರು.

"ನನ್ನ ಕಿವಿಗೆ ಸಂಬಳ ಕೊಡ್ತಾರೆ ಸರ್" ಎಂದಿದ್ದಳು ಜಂಬದಿಂದ. ಅವರು ಒಪ್ಪಿದರು. ನಾಳೆ ಬೆಳಕು ಹರಿಯುವ ಮೊದಲೇ ಹನ್ನೆರಡು ಜನ ವ್ಯಾನು ಮಾಡಿಕೊಂಡು ಬರುವವರಿದ್ದರು. ನಾಲ್ಕು ವರ್ಷ ಅವಳು ಪಟ್ಟಿಗೆ ಬರೆದ ಪ್ರತಿ ಹಕ್ಕಿಯ ಹೆಸರಿನ ಮೇಲಿನ ನಂಬಿಕೆಯೂ ಈಗ ಆ ಒಂದು ಸಿಳ್ಳೆಯ ಮೇಲೆ ನಿಂತಿತ್ತು.

ಈ ವಿಷಯವನ್ನು ಇವತ್ತು ಬೈಕಿನಲ್ಲಿ ಹೇಳಿದಾಗ ಇಂದ್ರೇಶ್ ಸ್ವಲ್ಪ ಹೊತ್ತು ಯಾರ ದನಿಯಲ್ಲೂ ಮಾತಾಡಲಿಲ್ಲ. ಖುಷಿಗೆ ಮಾತು ನಿಂತಿರಬೇಕು ಎಂದುಕೊಂಡಳು.

ಮನೆ ಸೇರಿದ ಮೇಲೆ ಅವನು ಡೈರಿಗೆ ಹಾಲಿನ ಕ್ಯಾನು ಹೊತ್ತು ಹೋದ. ವಿಶಾಲಮ್ಮ ಕೊಟ್ಟಿಗೆಯ ಮುಂದೆ ಬಾನಿಗೆ ಕಲಗಚ್ಚು ಸುರಿಯುತ್ತಿದ್ದರು. ಹಸು ಮುಖ ತಿರುಗಿಸಿಕೊಂಡು ನಿಂತಿತ್ತು.

"ನೋಡವ್ವಾ, ಮೂತಿನೂ ಅದ್ದಾಕಿಲ್ಲ. ಬಿಂಕ ಬಂದೈತೆ ಇದಕ್ಕೆ."

"ಅಮ್ಮಾ, ನಿಮ್ಮ ತೋಟದ ಹಕ್ಕಿ ದನಿ ಕೇಳಿದ್ದೀರಾ? ನಾಳೆ ಇದನ್ನ ಕೇಳೋಕೆ ಹನ್ನೆರಡು ಜನ ಬರ್ತಾರೆ" ಎಂದು ಚಿತ್ರಾ ಉತ್ಸಾಹದಿಂದ ಮೊಬೈಲ್ ಒತ್ತಿದಳು.

ಸಿಳ್ಳೆ ಅಂಗಳದಲ್ಲಿ ಹರಡಿತು. ಏರಿತು, ಜಾರಿತು, ದಾರಿ ತಪ್ಪಿತು.

ಹಸು ಕಿವಿ ನಿಮಿರಿಸಿತು. ಕತ್ತು ತಿರುಗಿಸಿ, ಬಾನಿಗೆ ಮೂತಿಯಿಟ್ಟು, ಸೊರ್ರನೆ ಕುಡಿಯತೊಡಗಿತು.

ವಿಶಾಲಮ್ಮ ಬಿದ್ದು ಬಿದ್ದು ನಕ್ಕರು. "ಅಯ್ಯೋ ಶಿವನೇ! ನಮ್ ಇಂದ್ರನ ಸಿಳ್ಳೆನ ಫೋನಲ್ಲಿ ಹಿಡ್ಕೊಂಡಿದೀಯಾ? ಕರು ಆಗಿದ್ದಾಗಿಂದ ಅವನು ಸಿಳ್ಳೆ ಹಾಕುದ್ರೇನೇ ಇದು ನೀರು ಕುಡಿಯೋದು. ದನಕ್ಕೆ ನೀರು ಕುಡ್ಸೋವಾಗ ಎಲ್ರೂ ಸಿಳ್ಳೆ ಹಾಕ್ತಾರೆ ಬಿಡು, ಇವನದು ಮಾತ್ರ ದೊಡ್ಡ ಕಛೇರಿ!"

ಸಿಳ್ಳೆ ಮುಗಿಯಿತು. ಹಸು ತಲೆಯೆತ್ತಿ ಮೊಬೈಲನ್ನು ನೋಡಿತು, ಇನ್ನೊಂದು ಹಾಕು ಎನ್ನುವಂತೆ.

ಚಿತ್ರಾ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದಳು. ಎರಡನೇ ಸಾಲಿಗೂ ಮೂರನೆಯದಕ್ಕೂ ನಡುವೆ, ತೀರಾ ಸಣ್ಣಗೆ, ಒಬ್ಬ ಮನುಷ್ಯ ಉಸಿರೆಳೆದುಕೊಳ್ಳುತ್ತಿದ್ದ. ದಿನಕ್ಕೆ ಎಂಟು ಗಂಟೆ ಅಂಥ ಉಸಿರನ್ನೇ ಕೇಳುವ ಅವಳಿಗೆ, ಅದು ಹಕ್ಕಿಯೇ ಆಗಿರಲಿ ಎಂದು ಅವಳೇ ಬಯಸಿದ್ದರಿಂದ, ಇಷ್ಟು ದಿನ ಆ ಉಸಿರು ಕೇಳಿಸಿರಲಿಲ್ಲ.

ಇಂದ್ರೇಶ್ ಖಾಲಿ ಕ್ಯಾನಿನೊಂದಿಗೆ ಬಂದ. ಅವಳ ಮುಖ ನೋಡಿ ಗೇಟಿನಲ್ಲೇ ನಿಂತ.

"ಸಿಳ್ಳೆ ಹಾಕಿ" ಎಂದಳು.

"ಮೇಡಂ..."

"ಹಸು ಬಾಯಾರಿದೆ. ಹಾಕಿ."

ಅವನು ತುಟಿ ಮುಂದೆ ಮಾಡಿದ. ಗಾಳಿ ಮಾತ್ರ ಬಂತು.

"ಮೊದಲನೇ ದಿನ ನಾನೇನೂ ಬೇಕು ಅಂತ ಮಾಡ್ಲಿಲ್ಲ ಕಣ್ರೀ. ಹಸುಗೆ ನೀರು ಕುಡಿಸ್ತಿದ್ದೆ. ನೀವು ಬೇಲಿ ಹತ್ರ ಕಣ್ಣು ಇಷ್ಟಗಲ ಮಾಡ್ಕೊಂಡು ನಿಂತಿದ್ರಿ. ಆ ಮುಖ ನೋಡಿ, ಅದು ನಾನು ಅಂತ ಹೆಂಗೆ ಹೇಳ್ಲಿ?"

"ಮೊದಲನೇ ದಿನದ್ದು ನನ್ನ ತಪ್ಪು. ಒಪ್ಕೋತೀನಿ. ಆಮೇಲಿನ ಹತ್ತು ಭಾನುವಾರ?"

"ಸಿಳ್ಳೆ ನಿಂತ್ರೆ ನೀವು ಬರೋದು ನಿಲ್ಸಿಬಿಡ್ತೀರಿ ಅಂತ..."

"ಅಂದ್ರೆ ನನ್ನನ್ನೂ ಸಿಳ್ಳೆ ಹಾಕಿ ಬಾನಿ ಹತ್ರ ಕರೆದಿದ್ದೀರಿ. ಈ ಹಸುನ ಹೇಗೋ ಹಾಗೇ."

ಅವನು ತಲೆ ತಗ್ಗಿಸಿದ. ವಿಶಾಲಮ್ಮನ ನಗು ಯಾವಾಗಲೋ ನಿಂತಿತ್ತು. "ಏನೋ ಮಾಡಿದೀಯಾ ಈ ಮಗೀಗೆ?" ಎಂದರು.

ಆಗಲೂ, ಅವಳ ಮನಸ್ಸಿನ ಒಂದು ಮೂಲೆ ಅವನನ್ನು ಕ್ಷಮಿಸಲು ಸೆರಗು ಕಟ್ಟಿ ನಿಂತಿತ್ತು. ಹತ್ತು ಮುಂಜಾವು ಚಳಿಯಲ್ಲಿ ಪೊದೆಯೊಳಗೆ ಕೂತು ಒಬ್ಬಳಿಗಾಗಿ ಹಕ್ಕಿಯಾದವನು! ಅವನು ಅಲ್ಲಿಗೇ ಸುಮ್ಮನಾಗಿದ್ದರೆ ಏನಾಗುತ್ತಿತ್ತೋ. ಅವನು ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದ:

"ನಾಳೆ ಅವ್ರೆಲ್ಲ ಬರಲಿ. ಒಂದೇ ಒಂದು ಸಲ ಹಾಕ್ತೀನಿ, ದೂರದಿಂದ. ಆಮೇಲೆ ಹಕ್ಕಿ ಘಟ್ಟಕ್ಕೆ ವಾಪಸ್ ಹೋಯ್ತು ಅಂದ್ರಾಯ್ತು. ನಿಮ್ಮ ಮರ್ಯಾದೆನೂ ಉಳಿಯುತ್ತೆ. ನಮ್ಮಿಬ್ಬರಿಗೆ ಬಿಟ್ಟು ಯಾರಿಗೆ ಗೊತ್ತಾಗುತ್ತೆ?"

ಚಿತ್ರಾ ಅವನನ್ನು ನೋಡಿದಳು. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದಾನೆಂದು ಅವನು ಪೂರ್ತಿ ನಂಬಿದ್ದ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಮೊಬೈಲ್ ಎತ್ತಿ ಕರೆ ಮಾಡಿ, ಅವನಿಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದಳು.

"ಹೇಳಮ್ಮಾ ಚಿತ್ರಾ!" ಭೀಮರಾಜ್ ಸರ್ ಹುರುಪಿನಲ್ಲಿದ್ದರು. "ವ್ಯಾನ್ ರೆಡಿ. ನಮ್ಮ ಮನೆಯವಳು ಚಪಾತಿ ಲಟ್ಟಿಸ್ತಾ ಇದ್ದಾಳೆ."

"ವ್ಯಾನ್ ಬೇಡ ಅನ್ನಿ ಸರ್. ಅದು ಸಿಳ್ಳಾರ ಅಲ್ಲ."

"ಮತ್ತೆ ಯಾವುದು?"

"ಮನುಷ್ಯ."

ಆ ಕಡೆ ಲಟ್ಟಣಿಗೆಯೂ ನಿಂತಂತಾಯಿತು. "ಸರಿಯಾಗಿ ನೋಡಿದೆಯೇನಮ್ಮಾ?"

"ತುಂಬಾ ಹತ್ತಿರದಿಂದ ನೋಡ್ದೆ ಸರ್."

ಅವರು ಬೈಯಲಿಲ್ಲ. "ನಿನ್ನ ಹಳೇ ಪಟ್ಟಿಗಳನ್ನೂ ಒಂದ್ಸಲ ಪರಿಶೀಲಿಸಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ" ಎಂದಷ್ಟೇ ಹೇಳಿ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬಸ್ ಸ್ಟಾಪಿನವರೆಗೆ ಇಂದ್ರೇಶ್ ಹತ್ತು ಹೆಜ್ಜೆ ಹಿಂದೆ ನಡೆದು ಬಂದ. ಬೈಕು ತರಲೇ ಎಂದು ಕೇಳುವ ಧೈರ್ಯ ಮಾಡಲಿಲ್ಲ. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿದಾಗ ಮಾತ್ರ ಓಡಿ ಬಂದು ಎದುರು ನಿಂತ.

"ನಂಗೆ ನೀವು ಅಂದ್ರೆ ಇಷ್ಟ."

ಕೊನೆಯ ಅಕ್ಷರ ಒಡೆದು ಹೋಯಿತು. ರಾಗವಿಲ್ಲ, ಎಳೆತವಿಲ್ಲ, ಯಾರ ನಕಲೂ ಅಲ್ಲ. ಅವಳ ಕಿವಿ ತನ್ನ ಪಾಡಿಗೆ ತಾನು ಹತ್ತಕ್ಕೆ ಹತ್ತು ಹಾಕಿತು. ಅದನ್ನೇ ಸಹಿಸಲಾಗಲಿಲ್ಲ.

"ಗೊತ್ತು" ಎಂದಳು. "ನಂಗೂ ಇಷ್ಟ. ಆದ್ರೆ ಇಂದ್ರೇಶ್, ಇನ್ಮೇಲೆ ನೀವು ಹೇಳಿದ ಪ್ರತಿಯೊಂದನ್ನೂ ನಾನು ಹೆಡ್‌ಫೋನ್ ಹಾಕ್ಕೊಂಡು ಎರಡು ಸಲ ಕೇಳ್ಬೇಕಾಗುತ್ತೆ. ಅದು ಆಫೀಸು. ಅದು ಪ್ರೀತಿ ಅಲ್ಲ."

ಬಸ್ಸು ಬಂತು. ಹತ್ತಿದಳು. ಕಿಟಕಿಯಿಂದ ನೋಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡು, ಬಸ್ಸು ತಿರುವಿನಲ್ಲಿ ಓರೆಯಾದಾಗ ನೋಡಿಯೇಬಿಟ್ಟಳು. ಅವನು ಕೈ ಬೀಸಲಿಲ್ಲ. ರಸ್ತೆಯ ನಡುವೆ ಸುಮ್ಮನೆ ನಿಂತಿದ್ದ, ಯಾರನ್ನೂ ಅನುಕರಿಸದೆ.

ಜಾವಗಲ್ ಹತ್ತಿರ ಮೇಕೆಗಳ ಹಿಂಡು ರಸ್ತೆ ದಾಟಲೆಂದು ಬಸ್ಸು ನಿಂತಿತು. ಇಂಜಿನ್ ಆಫ್ ಆದ ಆ ಒಂದು ನಿಮಿಷದಲ್ಲಿ, ಬೇಲಿಯ ಕತ್ತಾಳೆಯ ಒಳಗಿನಿಂದ ಏನೋ ಇನಿದಾಗಿ ಕೂಗಿತು. ಚಿತ್ರಾಳ ಕೈ ತಾನಾಗಿ ಕುತ್ತಿಗೆಯ ಬೈನಾಕ್ಯುಲರಿಗೆ ಹೋಯಿತು.

ಎತ್ತಿ ಹಿಡಿದಳು. ಕೊಂಬೆಯಲ್ಲಿ ಹುಡುಕಲಿಲ್ಲ. ಮೊದಲು ಬೇಲಿಯ ಬುಡದಲ್ಲಿ ಹುಡುಕಿದಳು, ಯಾರಾದರೂ ಕೂತಿದ್ದಾರೆಯೇ ಎಂದು.