ತೋಷ್ತೆಮಿರನ ಮಡಚುವ ಗೂಡು

ವಾರ್ನಿಷ್ ಸ್ಪ್ರೇ ಮಾಡುವ ಗೂಡಿನ ಪರದೆ ಎತ್ತಿದ ಅಬ್ರಾರ್ ಮೇಸ್ತ್ರಿ ಹಾಗೇ ನಿಂತುಬಿಟ್ಟ. ಮಧ್ಯಾಹ್ನದ ನಮಾಜಿಗೆ ಹೋಗುವಾಗ ಕನ್ನಡಿಯಂತೆ ಹೊಳೆಯುತ್ತಿದ್ದ ತೊಟ್ಟಿಲು ಈಗ ಕೈಯಾಡಿಸಿದರೆ ತರಿತರಿ! ನಾಳೆ ಬೆಳಿಗ್ಗೆ ಬಾಣಂತಿಯ ಮನೆಗೆ ಡೋಲು ಬಾರಿಸಿಕೊಂಡು ಹೋಗಬೇಕಾದ ತೊಟ್ಟಿಲು ಅದು.

"ನಿನ್ನ ಮರದ ಹೊಟ್ಟು," ಎಂದ ಕೆಲಸಗಾರ ತೋಷ್ತೆಮಿರನಿಗೆ. "ಬಾವಿಕಟ್ಟೆ ಹತ್ರ ಉಜ್ಜಬೇಡ ಅಂತ ಎಷ್ಟು ಸಲ ಬಡ್ಕೊಂಡೆ? ನಾಳೆಯಿಂದ ಬೇರೆ ಕಡೆ ಕೆಲಸ ನೋಡ್ಕೋ."

ತೋಷ್ತೆಮಿರ್ ಕೋಕಂದ್ ಊರಿನ ಈ ಅಂಗಳದಲ್ಲೇ ಹತ್ತೊಂಬತ್ತು ವರ್ಷ ಸವೆಸಿದ್ದ. ಗೂಡು ಕಟ್ಟಿದವನೂ ಅವನೇ — ಮಡಚಿ ವ್ಯಾನಿಗೆ ಹಾಕಬಹುದಾದ ಮರದ ಚೌಕಟ್ಟು, ಸುತ್ತ ಪ್ಲಾಸ್ಟಿಕ್ ಹಾಳೆ, ಮುಂದೆ ಒದ್ದೆಬಟ್ಟೆಯ ಪರದೆ, ಹಿಂದೆ ಗಾಳಿಯನ್ನು ಹೊರಗೆಳೆಯುವ ಫ್ಯಾನು, ಫ್ಯಾನಿನ ಮುಂದೆ ವಾರ್ನಿಷ್ ಹನಿ ಹಿಡಿಯುವ ಹತ್ತಿಹಾಸು. ಧೂಳು ಕೂರಬಾರದೆಂದೇ ಎರಡು ತಿಂಗಳು ಒದ್ದಾಡಿ ಕಟ್ಟಿದ್ದು ಈಗ ಅವನ ಕುತ್ತಿಗೆಗೇ ಬಂದಿತ್ತು.

ಅಷ್ಟರಲ್ಲಿ ತೊಟ್ಟಿಲು ನೋಡಲು ಮುಕರ್ರಮ್ ಬಂದಳು. ಮಗಳ ಮಗುವಿಗೆ ಅದನ್ನು ಮಾಡಿಸಿದವಳು ಅವಳೇ. ಪೊಲೀಸ್ ತನಿಖೆಯಲ್ಲಿ ಕೂದಲು ನರೆಸಿಕೊಂಡವಳು. ರೇಗಲಿಲ್ಲ. ಕನ್ನಡಕ ಏರಿಸಿ ತೊಟ್ಟಿಲ ಸುತ್ತ ಕುಕ್ಕರುಗಾಲಲ್ಲಿ ಒಂದು ಸುತ್ತು ಬಂದಳು.

"ಯಾವ ಮರ ಉಜ್ತಿದ್ದೆ?"

"ಅಕ್ರೋಟು, ಅಕ್ಕ."

"ಪರದೆ ಯಾರು ತೆಗೆದ್ರು?"

"ಯಾರೂ ಇಲ್ಲ. ನಾನು ಬೆನ್ನು ಹಾಕಿ ಕೂತಿದ್ದೆ. ಆದ್ರೆ ಬೀದಿ ಬಾಗಿಲಿಂದ ಯಾರೂ ಬರ್ಲಿಲ್ಲ."

"ಯಾರೂ?"

"ಅಮ್ಮ ಒಬ್ಬರೇ ಒಳಗೂ ಹೊರಗೂ ಓಡಾಡ್ತಿದ್ರು, ಎಂದಿನ ಹಾಗೆ."

ಅಬ್ರಾರ್ ಸಿಡುಕಿದ. ತೊಂಬತ್ತಕ್ಕೆ ಹತ್ತಿರದ ತನ್ನ ತಾಯಿ ಕುಮ್ರಿಯನ್ನು ಇದಕ್ಕೆ ಯಾಕೆ ಎಳೆಯಬೇಕು? ಮುಕರ್ರಮ್ ಅವನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತಿಹಾಸು ಬಿಚ್ಚಿ ಬಿಸಿಲಿಗೆ ಹಿಡಿದಳು. ಹಳದಿ ವಾರ್ನಿಷ್ ಮೇಲೆ ಬೂದುಬಣ್ಣದ ತೆಳು ಪದರ.

"ಅಕ್ರೋಟಿನ ಹೊಟ್ಟು ಕಂದು," ಎಂದಳು. "ಇದು ಬೂದು. ಬೆರಳಲ್ಲಿ ಉಜ್ಜಿದ್ರೆ ನುಣ್ಣಗೆ ಪುಡಿಯಾಗುತ್ತೆ, ನೋಡಿ, ಬೂದಿ. ತೊಟ್ಟಿಲ ಮೇಲೆ ತರಿ ಕೂತಿರೋದೂ ಪರದೆ ಕಡೆ ಮಾತ್ರ. ಅಂದ್ರೆ ಯಾರೋ ಪರದೆ ಎತ್ತಿ ಹಿಡಿದಿದ್ರು, ಫ್ಯಾನು ಬೂದಿಯನ್ನ ಒಳಗೆ ಎಳ್ಕೊಳ್ತು." ತೊಟ್ಟಿಲ ಕಾಲಿಗೆ ಅಂಟಿದ್ದ ಸಿಡಿದ ಕರಿಬೀಜವೊಂದನ್ನು ಉಗುರಿನಿಂದ ಎತ್ತಿದಳು. "ಇವತ್ತು ಇಸಿರಿಕ್ ಸುಟ್ರಾ?"

ಇಸಿರಿಕ್! ದೃಷ್ಟಿ ತೆಗೆಯಲು ಸುಡುವ ಒಣಗಿಡ. ಈ ಮನೆಯಲ್ಲಿ ಅದು ದಿನಾ ಹೊಗೆಯಾಡುತ್ತಿತ್ತು. ವಾಸನೆ ಯಾರ ಮೂಗಿಗೂ ಬೇರೆಯಾಗಿ ಬಡಿಯುತ್ತಲೇ ಇರಲಿಲ್ಲ.

"ಅಮ್ಮ, ನಿಮ್ಮದೇ ಕೆಲಸ," ಎಂದಳು ಮುಕರ್ರಮ್, ಮೆತ್ತಗೆ.

ಹೊಸ್ತಿಲಲ್ಲಿದ್ದ ಕುಮ್ರಿಯ ಕೈಯಲ್ಲಿ ಇನ್ನೂ ಇಸಿರಿಕ್ ಸುಟ್ಟ ಹಳೇ ಬಾಣಲೆ. "ಒಳಗೂ ಹೊಗೆ ತಾಗ್ಲಿ ಅಂತ ಪರದೆ ಎತ್ತಿ ಮೂರು ಸುತ್ತು ನಿವಾಳಿಸಿದೆ. ತೊಟ್ಟಿಲಿಗಲ್ಲ ಕಣವ್ವ, ಗೂಡಿಗೆ. ವಾರದಿಂದ ಊರವರೆಲ್ಲ ಬಂದು ನಮ್ಮ ತೋಷ್ತೆಮಿರನ ಕೈ ಹೊಗಳಿದ್ದೇ ಹೊಗಳಿದ್ದು. ಅವನಿಗೆ ಕೆಟ್ಟ ಕಣ್ಣು ತಾಗ್ಬಾರ್ದಲ್ಲ?"

ತೋಷ್ತೆಮಿರನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ನೀರಲ್ಲಿ ಬೆರೆಸುವ ವಾರ್ನಿಷ್ ಅದು, ಈಗಲೇ ಉಜ್ಜಿ ಮತ್ತೊಂದು ಕೈ ಹೊಡೆದರೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಅವನು ಉಪ್ಪುಕಾಗದ ಕೈಗೆತ್ತಿಕೊಂಡು ಅಬ್ರಾರನ ಮುಖ ನೋಡಿದ.

"ಎಲ್ಲಿ ಕೂತು ಉಜ್ಜಲಿ, ಮೇಸ್ತ್ರಿ? ಬಾವಿಕಟ್ಟೆ ಹತ್ರ ಬೇಡ ತಾನೆ?"

ಅಬ್ರಾರ್ ತಲೆ ತಗ್ಗಿಸಿದ. ಅವನ ಕೈಯ ಕಾಗದ ತೆಗೆದು ಹರಿದು ಅರ್ಧ ತಾನಿಟ್ಟುಕೊಂಡ.

"ತಪ್ಪಾಯ್ತು ಕಣೋ. ನನ್ನ ಪಕ್ಕದಲ್ಲೇ ಕೂತ್ಕೋ."